ಕಾಲು ಜಾರಿ ಬಿದ್ದವರ ಊರು

ಅಪ್ಪನ ಜೊತೆ ಕೂತು ಪೊಲೀಸ್ ಸಿನಿಮಾ ನೋಡುವುದು ಒಂದು ಶಿಕ್ಷೆ. ಮೂವತ್ತು ವರ್ಷ ಖಾಕಿ ಹಾಕಿದವರು. ಅದರಲ್ಲಿ ಹೆಚ್ಚಿನ ವರ್ಷ ಮಲೆನಾಡಿನ ಒಂದು ಸಣ್ಣ ಠಾಣೆಯಲ್ಲಿ ರೈಟರ್, ಅಂದರೆ ಠಾಣೆಯ ಕಾಗದಪತ್ರ ಬರೆಯುವವರು, ಆಗಿದ್ದವರು. ಹೀರೋ ಜೀಪಿನಿಂದ ಹಾರಿ ಇಳಿದರೆ ಅಪ್ಪ "ಟೋಪಿ ಎಲ್ಲೋ ಇವನದ್ದು?" ಎನ್ನುತ್ತಾರೆ. ಇನ್‌ಸ್ಪೆಕ್ಟರ್ ಎದೆಯ ಗುಂಡಿ ಬಿಚ್ಚಿಕೊಂಡು ನಡೆದರೆ ಟಿವಿಗೆ ಬೆನ್ನು ತಿರುಗಿಸಿ ಪೇಪರ್ ಓದುತ್ತಾರೆ. ಹೀರೋ ಹತ್ತು ಜನರನ್ನು ಹೊಡೆದುರುಳಿಸಿ, ಕನ್ನಡಕ ಸರಿ ಮಾಡಿಕೊಂಡು ಹೊರಟನೋ, ಆಗ ಬರುತ್ತದೆ ಅವರ ಮಾಮೂಲಿ ಪ್ರಶ್ನೆ: "ಹೋದ. ಇನ್ನು ಇದನ್ನೆಲ್ಲ ಬರಿಯೋನು ಯಾರು?"

ಈ ಪ್ರಶ್ನೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇನೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಆದರೆ ಹೋದ ಮಳೆಗಾಲದಲ್ಲಿ ಒಂದು ಬ್ರಿಟಿಷ್ ಸಿನಿಮಾ ಹಾಕಿದಾಗ ಅಪ್ಪ ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ ನಕ್ಕರು. ಹೊಟ್ಟೆ ಹಿಡಿದುಕೊಂಡು ಅಲ್ಲ, ಅಪ್ಪ ಹಾಗೆ ನಗುವವರಲ್ಲ. ಮೂಗಿನಲ್ಲಿ ಒಂದು ಸಣ್ಣ "ಹ್ಞಂ" ಎಂಬ ಸದ್ದು. ಅದೂ ಸಿನಿಮಾದಲ್ಲಿ ಯಾರೂ ಜೋಕ್ ಮಾಡದ ಜಾಗದಲ್ಲಿ. ಒಬ್ಬ ಪೊಲೀಸ್ ಪೆನ್ನಿನ ಗುಂಡಿ ಒತ್ತಿದ, ಅಪ್ಪ ನಕ್ಕರು. ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. ನಾನು ಆ ಸಿನಿಮಾವನ್ನು ಅದಕ್ಕೂ ಮೊದಲು ಏನಿಲ್ಲವೆಂದರೂ ಐದು ಸಲ ನೋಡಿದ್ದೆ. ಆ ಪೆನ್ನು ನನಗೆ ಒಂದು ಸಲವೂ ಕಂಡಿರಲಿಲ್ಲ.

ಸಿನಿಮಾದ ಹೆಸರು 'ಹಾಟ್ ಫಜ್'. ಫಜ್ ಅಂದರೆ ಪೊಲೀಸರಿಗೆ ಇಂಗ್ಲಿಷಿನ ಬೀದಿ ಮಾತು. 2007ರದ್ದು. ಎಡ್ಗರ್ ರೈಟ್ ನಿರ್ದೇಶಕ (ಅವನ ಹೆಸರಲ್ಲೂ ರೈಟ್! ಅಪ್ಪನಿಗೆ ಹೇಳಿದೆ, ಅವರಿಗೆ ಅಷ್ಟೇನೂ ತಮಾಷೆ ಅನ್ನಿಸಲಿಲ್ಲ). ಕಥೆಯನ್ನು ಅವನ ಜೊತೆ ಬರೆದ ಸೈಮನ್ ಪೆಗ್ ಹೀರೋ. ನೋಡದೇ ಇದ್ದವರು ಇಲ್ಲೇ ನಿಲ್ಲಿಸಿ ನೋಡಿ ಬನ್ನಿ. ಇಷ್ಟು ವರ್ಷದ ಮೇಲೆ ಕಥೆ ಬಿಚ್ಚಿಟ್ಟೆ ಅಂತ ಬೈಯಬೇಡಿ, ಯಾಕೆಂದರೆ ನಾನು ಪೂರ್ತಿ ಬಿಚ್ಚಿಡುವವನಿದ್ದೇನೆ.

ಜಾಸ್ತಿ ಕೆಲಸ ಮಾಡಿದ್ದಕ್ಕೆ ವರ್ಗ

ನಿಕೊಲಸ್ ಏಂಜಲ್ ಲಂಡನ್ನಿನ ಪೊಲೀಸ್. ಅವನು ಮಾಡಿದ ದಸ್ತಗಿರಿಗಳು ಬೇರೆಯವರಿಗಿಂತ 400 ಪರ್ಸೆಂಟ್ ಜಾಸ್ತಿ. ಹಾಗಾಗಿ ಅವನನ್ನು ಎತ್ತಂಗಡಿ ಮಾಡುತ್ತಾರೆ. ಅವನೊಬ್ಬನೇ ಇಷ್ಟು ಕೆಲಸ ಮಾಡಿದರೆ ಉಳಿದವರ ಮುಖ ಏನಾಗಬೇಕು? ಸಾರ್ಜೆಂಟ್ ಮಾಡಿ, ಬಡ್ತಿ ಕೊಟ್ಟು, ದೂರದ ಗ್ಲಾಸ್ಟರ್‌ಶೈರಿನ ಸ್ಯಾಂಡ್‌ಫರ್ಡ್ ಎಂಬ ಹಳ್ಳಿಗೆ ಕಳಿಸುತ್ತಾರೆ. ಒಬ್ಬ ಅಧಿಕಾರಿ ಹೇಳಿದರೆ ಅವನು ಒಪ್ಪುವುದಿಲ್ಲ, ಮೇಲಿನವರನ್ನು ಕರೆಸಿ ಎನ್ನುತ್ತಾನೆ. ಮೇಲಿನವರು ಬರುತ್ತಾರೆ. ಅವರಿಗೂ ಮೇಲಿನವರು ಬರುತ್ತಾರೆ. ಮೂವರೂ ನಗುನಗುತ್ತಾ ಹೇಳುವುದು ಅದೇ ಮಾತು. ಅಪ್ಪ ಇಲ್ಲಿ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಂದರು. "ಪ್ರಮೋಷನ್ ಕೊಟ್ಟು ಟ್ರಾನ್ಸ್‌ಫರ್. ಅಲ್ಲೂ ಇದೆಯಾ ಇದು?"

ಹಳ್ಳಿಗೆ ಬಂದ ಮೊದಲ ರಾತ್ರಿಯೇ ಏಂಜಲ್ ಪಬ್ಬಿಗೆ ಹೋಗಿ, ಒಂದು ಲೋಟ ಹಣ್ಣಿನ ಜ್ಯೂಸ್ ಹಿಡಿದು ಕೂತು, ಸುತ್ತ ನೋಡುತ್ತಾನೆ. ಕುಡಿಯುತ್ತಿರುವ ಅರ್ಧ ಜನ ಹದಿನೆಂಟು ತುಂಬದ ಮಕ್ಕಳು. ಒಬ್ಬೊಬ್ಬರದೇ ಹುಟ್ಟಿದ ತಾರೀಖು ಕೇಳಿ ಎಬ್ಬಿಸಿ ಕಳಿಸುತ್ತಾನೆ. ಹೊರಗೆ ಬಂದರೆ ಒಬ್ಬ ದಡೂತಿ ಆಸಾಮಿ ಕುಡಿದು ಕಾರು ಓಡಿಸಲು ಹೊರಟಿದ್ದಾನೆ. ಅವನನ್ನೂ ಹಿಡಿದು ಠಾಣೆಗೆ ತರುತ್ತಾನೆ. ಬೆಳಿಗ್ಗೆ ಡ್ಯೂಟಿಗೆ ಬಂದಾಗ ಗೊತ್ತಾಗುತ್ತದೆ, ಆ ಆಸಾಮಿ ಡ್ಯಾನಿ ತನ್ನದೇ ಠಾಣೆಯ ಕಾನ್‌ಸ್ಟೇಬಲ್, ಮೇಲಾಗಿ ಇನ್‌ಸ್ಪೆಕ್ಟರ್ ಫ್ರ್ಯಾಂಕ್ ಸಾಹೇಬರ ಮಗ. ಕುಡಿದು ಸಿಕ್ಕಿಬಿದ್ದ ತಪ್ಪಿಗೆ ಅವನಿಗೆ ಆದ ಶಿಕ್ಷೆ ಎಂದರೆ ಸ್ಟಾಫಿಗೆಲ್ಲ ಕೇಕು ತಿನ್ನಿಸುವುದು.

ಈ ದಸ್ತಗಿರಿಗಳ ನಡುವೆ ಬರುತ್ತದೆ ಆ ಪೆನ್ನು. ಬೇರೆ ಸಿನಿಮಾಗಳಲ್ಲಿ ಬಂದೂಕಿಗೆ ಮದ್ದು ತುಂಬುವುದನ್ನು ತೋರಿಸುವ ರೀತಿ ನಿಮಗೆ ಗೊತ್ತು. ಟಕ್, ಟಕ್, ಚಕ್. ಹತ್ತಿರದ ಶಾಟು, ಜೋರು ಸದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎಡ್ಗರ್ ರೈಟ್ ಅದೇ ರೀತಿಯಲ್ಲಿ ಠಾಣೆಯ ಕಾಗದದ ಕೆಲಸ ತೋರಿಸುತ್ತಾನೆ. ಪೆನ್ನಿನ ಗುಂಡಿ ಟಕ್. ಫಾರಂ ಮಗುಚಿದ್ದು ಚರ್. ಫೋಟೋ ಫ್ಲ್ಯಾಶ್. ಲಾಕಪ್ ಬಾಗಿಲು ಧಡ್. ಸಿನಿಮಾ ಬರೆಯುವ ಮುಂಚೆ ರೈಟ್, ಪೆಗ್ ಇಬ್ಬರೂ ಹಲವು ಪೊಲೀಸರನ್ನು ಹುಡುಕಿ ಮಾತಾಡಿಸಿದ್ದರು. ಜೊತೆಗೆ ನೂರಕ್ಕೂ ಹೆಚ್ಚು ಪೊಲೀಸ್ ಸಿನಿಮಾಗಳನ್ನು ಕೂತು ನೋಡಿದ್ದರು. ನನಗನ್ನಿಸುವುದು, ಸಿನಿಮಾಗಳಿಂದ ಅವರು ಆ ಎಡಿಟಿಂಗ್ ತಗೊಂಡರು, ಪೊಲೀಸರಿಂದ ಆ ಪೆನ್ನು ತಗೊಂಡರು. ಅಪ್ಪನ "ಬರಿಯೋನು ಯಾರು?" ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಈ ಇಬ್ಬರು ಹುಡುಗರೂ ಕೇಳಿಸಿಕೊಂಡಿರಬೇಕು.

ಇಬ್ಬರು ದುಭಾಷಿಗಳು

ಸುಮ್ನೆ ನಗಬೇಕು ಅಂತಲೇ ನಾನು ಮತ್ತೆ ಮತ್ತೆ ಹಾಕಿಕೊಂಡು ನೋಡುವ ದೃಶ್ಯ ಬೇರೆ. ಬೇಲಿಯ ಗಿಡ ಕತ್ತರಿಸಿದ ಜಗಳ. ಬೇರೆಯವರ ಬೇಲಿ ಸವರಿದ ಮುದಿ ರೈತನೊಬ್ಬನನ್ನು ವಿಚಾರಿಸಲು ಏಂಜಲ್ ಹೋಗುತ್ತಾನೆ. ಆ ಮುದುಕ ಆಡುವ ಇಂಗ್ಲಿಷ್ ಹೇಗಿದೆ ಎಂದರೆ ಬಾಯಲ್ಲಿ ಗೆಣಸು ಇಟ್ಟುಕೊಂಡು ಮಾತಾಡಿದಂತೆ. ಅದು ಅರ್ಥವಾಗುವುದು ಠಾಣೆಯ ಹಳೇ ಕಾನ್‌ಸ್ಟೇಬಲ್ ಬಾಬ್ ವಾಕರ್‌ಗೆ ಮಾತ್ರ. ಆದರೆ ಬಾಬ್ ಹೇಳಿದ್ದು ಏಂಜಲ್‌ಗೆ ಅರ್ಥವಾಗುವುದಿಲ್ಲ. ಅದನ್ನು ಡ್ಯಾನಿ ಬಿಡಿಸಿ ಹೇಳಬೇಕು. ಒಂದೇ ದೇಶ, ಒಂದೇ ಭಾಷೆ, ನಡುವೆ ಇಬ್ಬರು ದುಭಾಷಿಗಳು. ಮುದುಕನದ್ದು ದೊಡ್ಡ ಮಾತು, ಬಾಬ್‌ನದ್ದು ಅದಕ್ಕಿಂತ ಚಿಕ್ಕದು, ಡ್ಯಾನಿ ಹೇಳುವುದು ಒಂದೇ ಒಂದು ಸಾಲು.

ಅಪ್ಪ ಮೈಸೂರು ಕಡೆಯವರು. ಅವರ ಮೊದಲ ಪೋಸ್ಟಿಂಗ್ ಆಗಿದ್ದು ಕರಾವಳಿಗೆ. ಅಲ್ಲಿ ಅಜ್ಜಿಯೊಬ್ಬರು ಅರ್ಧ ಗಂಟೆ ತುಳುವಿನಲ್ಲಿ ಅತ್ತು ಹೇಳಿದ್ದನ್ನು ಪಕ್ಕದ ಹೋಟೆಲಿನವನು ಕೇಳಿಕೊಂಡು, ತನ್ನ ಕನ್ನಡದಲ್ಲಿ ಹೇಳಿ, ಅದು ಅಪ್ಪನಿಗೆ ಅರೆಬರೆ ಅರ್ಥವಾಗಿ, ಕೊನೆಗೆ ದೂರಿನ ಪುಸ್ತಕದಲ್ಲಿ ಬಿದ್ದಿದ್ದು "ಫಿರ್ಯಾದಿಯ ಕೋಳಿ ಕಾಣೆಯಾಗಿರುತ್ತದೆ" ಎಂಬ ಒಂದು ಸಾಲಂತೆ. "ಆಯಮ್ಮ ಅಷ್ಟು ಹೊತ್ತು ಕೋಳಿ ವಿಷಯ ಒಂದೇ ಹೇಳಿರಲ್ಲ ಕಣೋ" ಎಂದರು ಅಪ್ಪ. ಬೇಲಿ ದೃಶ್ಯ ನೋಡುತ್ತಾ ಅವರು ಇಷ್ಟೇ ಹೇಳಿ ಸುಮ್ಮನಾದರು.

ಆ ದೃಶ್ಯದ ಕೊನೆ ಇನ್ನೂ ಚೆನ್ನಾಗಿದೆ. ಮುದುಕನ ಕೈಯಲ್ಲಿ ಲೈಸೆನ್ಸ್ ಇಲ್ಲದ ಬಂದೂಕು ಇದೆ ಎಂದು ಗೊತ್ತಾಗಿ ಕೊಟ್ಟಿಗೆ ತೆಗೆಸಿದರೆ, ಒಳಗೆ ಒಂದು ಸೈನ್ಯಕ್ಕೆ ಸಾಲುವಷ್ಟು ಕೋವಿಗಳು. ಜೊತೆಗೆ ಸಮುದ್ರದಲ್ಲಿ ಹಡಗು ಒಡೆಯಲು ಬಿಡುವ ಒಂದು ದೊಡ್ಡ ಸ್ಫೋಟಕ. ಈ ಜೋಕು ಪೂರ್ತಿ ತಲೆಗೆ ಹೋಗಬೇಕಾದರೆ ಅಲ್ಲಿನ ಪೊಲೀಸರ ವಿಷಯ ಸ್ವಲ್ಪ ಗೊತ್ತಿರಬೇಕು. ಬ್ರಿಟನ್ನಿನ ಮಾಮೂಲಿ ಪೊಲೀಸರ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸ್ ಪಡೆ ಕಟ್ಟಿದಾಗಿನಿಂದ ಹೆಚ್ಚುಕಡಿಮೆ ಹೀಗೇ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ ಮಕ್ಕಳ ಮೇಲೆ ಗುಂಡು ಹಾರಿಸಿದ ಮೇಲೆ, ಮುಂದಿನ ವರ್ಷ ಕಾನೂನು ತಂದು ಜನರ ಕೈಯಿಂದ ಪಿಸ್ತೂಲುಗಳನ್ನು ವಾಪಸ್ ತೆಗೆದುಕೊಂಡರು. ರೈತರ ಬೇಟೆ ಕೋವಿಗೆ ಮಾತ್ರ ಲೈಸೆನ್ಸ್ ಮೇಲೆ ಅವಕಾಶ ಉಳಿಯಿತು. ಹಾಗಾಗಿ ಇಂಗ್ಲೆಂಡಿನ ಹಳ್ಳಿಯಲ್ಲಿ ಕೋವಿ ಯಾರ ಹತ್ತಿರ ಇದೆ ಎಂದರೆ ರೈತರ ಹತ್ತಿರ. ಪೊಲೀಸರ ಹತ್ತಿರ ಇರುವುದು ನೋಟ್‌ಬುಕ್ಕು. ಡ್ಯಾನಿಗೆ ಅಮೆರಿಕದ ಸಿನಿಮಾ ನೋಡಿ ನೋಡಿ ಹುಚ್ಚು. ಎರಡು ಕೈಯಲ್ಲೂ ಪಿಸ್ತೂಲು ಹಿಡಿದು ಗಾಳಿಯಲ್ಲಿ ಹಾರುತ್ತಾ ಗುಂಡು ಹೊಡೆದಿದ್ದೀರಾ ಎಂದು ಏಂಜಲ್‌ನ ಬೆನ್ನು ಬೀಳುತ್ತಾನೆ. ನಾನೂ ಏಳನೇ ಕ್ಲಾಸಿನಲ್ಲಿ ಅಪ್ಪನನ್ನು ಹೀಗೇ ಪೀಡಿಸಿದ್ದೆ. "ವರ್ಷಕ್ಕೊಂದು ಸಲ ಫೈರಿಂಗ್ ಪ್ರಾಕ್ಟೀಸ್‌ಗೆ ಕರ್ಕೊಂಡು ಹೋಗ್ತಾರೆ. ಗುಂಡು ಎಲ್ಲಿ ಹೋಗುತ್ತೆ ಅಂತ ಮಾತ್ರ ಕೇಳಬೇಡ" ಎಂದಿದ್ದರು.

ಆಕ್ಸಿಡೆಂಟ್ ಅನ್ನಬೇಡಿ

ಸ್ಯಾಂಡ್‌ಫರ್ಡಿನಲ್ಲಿ ಅಪರಾಧವೇ ಇಲ್ಲ. ಆದರೆ ಜನ ಸಾಯುತ್ತಿರುತ್ತಾರೆ. ನಾಟಕ ಆಡುವ ಗಂಡು ಹೆಣ್ಣು ಜೋಡಿ ಕಾರು ಗುದ್ದಿ ಸಾಯುತ್ತದೆ. ಒಬ್ಬ ಶ್ರೀಮಂತನ ಮನೆ ಗ್ಯಾಸ್ ಸೋರಿ ಸಿಡಿಯುತ್ತದೆ. ಪತ್ರಕರ್ತನೊಬ್ಬನ ತಲೆಯ ಮೇಲೆ ಚರ್ಚಿನ ಗೋಪುರದ ಕಲ್ಲು ಬೀಳುತ್ತದೆ. ಹೂವಿನ ಗಿಡ ಮಾರುವ ಹೆಂಗಸು ತನ್ನದೇ ಕತ್ತರಿಯ ಮೇಲೆ ಬಿದ್ದು ಸಾಯುತ್ತಾಳೆ. ಪ್ರತಿ ಸಲ ಇನ್‌ಸ್ಪೆಕ್ಟರ್ ಫ್ರ್ಯಾಂಕ್ ಬಂದು, ನೋಡಿ, ಲೊಚಗುಟ್ಟಿ, ಪಾಪ ಆಕ್ಸಿಡೆಂಟ್ ಎನ್ನುತ್ತಾನೆ. ಠಾಣೆಯವರೆಲ್ಲ ಹೌದು ಹೌದು ಎನ್ನುತ್ತಾರೆ. ಕೊಲೆ ಎಂದವನನ್ನು ನೋಡಿ ನಗುತ್ತಾರೆ.

ಏಂಜಲ್ ಮೊದಲು ಜಗಳ ತೆಗೆಯುವುದು ಕೊಲೆಯ ಬಗ್ಗೆ ಅಲ್ಲ, ಆ ಪದದ ಬಗ್ಗೆ. ರಸ್ತೆಯಲ್ಲಿ ಗಾಡಿ ಗುದ್ದಿದರೆ ಆಕ್ಸಿಡೆಂಟ್ ಅನ್ನುವ ಹಾಗಿಲ್ಲ, ಕೊಲಿಷನ್ ಅನ್ನಬೇಕು ಎಂದು ಅವನು ತಿದ್ದುತ್ತಾನೆ. ಆಕ್ಸಿಡೆಂಟ್ ಎಂದುಬಿಟ್ಟರೆ ಯಾರದ್ದೂ ತಪ್ಪಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದಂತೆ. ಇದು ಸಿನಿಮಾದವರು ಕಟ್ಟಿದ್ದಲ್ಲ. ಬ್ರಿಟನ್ನಿನ ಪೊಲೀಸ್ ಕಾಗದಗಳಲ್ಲಿ ನಿಜವಾಗಿಯೂ ಆ ಹಳೇ ಪದ ಹೋಗಿ ಡಿಕ್ಕಿ ಎಂಬ ಅರ್ಥದ ಪದ ಬಂದಿದೆ. ಮೊದಲು ನೋಡಿದಾಗ ಇದು ನನಗೆ ಪುಸ್ತಕದ ಹುಳುವಿನ ಮೇಲಿನ ಜೋಕ್ ಥರ ಕಂಡಿತ್ತು. ಎಲ್ಲರಿಗೂ ಹಾಗೇ ಕಾಣಲಿ ಎಂದೇ ಸಿನಿಮಾದವರೂ ಇಟ್ಟಿದ್ದು. ಆದರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಅಪರಾಧ ಇಷ್ಟು ಕಡಿಮೆ, ಆಕ್ಸಿಡೆಂಟ್ ಇಷ್ಟು ಜಾಸ್ತಿ, ಇದು ಹೇಗೆ? ಉತ್ತರ ಸರಳ. ಎಲ್ಲವನ್ನೂ ಒಂದೇ ಕಾಲಮ್ಮಿನಲ್ಲಿ ಬರೆದಿದ್ದಾರೆ.

ಇಲ್ಲಿ ಅಪ್ಪ ರಿಮೋಟ್ ಕೇಳಿದರು. ನಿಲ್ಲಿಸಿದರು. ಹೊರಗೆ ಮಳೆ ಜೋರಾಗಿತ್ತು, ಹೆಂಚಿನ ಮೇಲೆ ಬೀಳುವ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿಯೇ ಹೇಳಿದರೋ ಏನೋ.

ನನಗೆ ಒಂಬತ್ತೋ ಹತ್ತೋ ವರ್ಷ ಆಗಿದ್ದಾಗಿನ ಮಾತು. ನನಗೆ ನೆನಪಿರುವುದು ಒಂದು ಸಂಜೆ ನಮ್ಮ ಕ್ವಾರ್ಟರ್ಸಿಗೆ ನಾಲ್ಕು ಜನ ಬಿಳಿ ಪಂಚೆಯವರು ಬಂದಿದ್ದು. ಮನೆಯಲ್ಲಿ ಕುರ್ಚಿ ಇದ್ದದ್ದೇ ಎರಡು. ಇಬ್ಬರು ಕುರ್ಚಿಯಲ್ಲಿ, ಇಬ್ಬರು ಮಂಚದ ಮೇಲೆ ಕೂತರು. ಅಮ್ಮ ಕಾಫಿ ಕೊಟ್ಟಳು. ಊರಿಗೆ ದೊಡ್ಡವರು, ದೇವಸ್ಥಾನದ ಕಮಿಟಿಯವರು, ಒಳ್ಳೆಯವರೇ. ನನಗೆ ಸ್ಕೂಲಿನಲ್ಲಿ ಬಹುಮಾನ ಕೊಡುತ್ತಿದ್ದವರೂ ಅವರೇ. ಅವರು ಅಪ್ಪನ ಹತ್ತಿರ ಏನೂ ಬೇಡಲಿಲ್ಲ, ಬೆದರಿಸಲೂ ಇಲ್ಲ. ಒಬ್ಬರು ಲೋಟ ಕೆಳಗಿಡುತ್ತಾ "ಹೋದವನು ಹೋದ. ಜಾತ್ರೆ ಬೇರೆ ಹತ್ತಿರ ಬಂತು. ಊರಿಗೊಂದು ಹೆಸರಿದೆ ನೋಡಿ" ಎಂದರು. ಅಷ್ಟೇ ನನಗೆ ಕೇಳಿಸಿದ್ದು.

ಉಳಿದದ್ದನ್ನು ಅಪ್ಪ ಈಗ ಹೇಳಿದರು. ತೋಟದ ಕೆಲಸಕ್ಕೆ ಹೊರಗಿನಿಂದ ಬಂದ ಹುಡುಗನೊಬ್ಬ ಅಡಿಕೆ ತೋಟದ ಕೆರೆಯಲ್ಲಿ ಸತ್ತು ತೇಲಿದ್ದ. ಯುಡಿಆರ್ ಕೇಸು, ಅಂದರೆ ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಸೆಕ್ಷನ್ನಿನ ಕೆಳಗೆ ಬರುತ್ತಿದ್ದ ಅಸ್ವಾಭಾವಿಕ ಮರಣ. ಎಸ್‌ಐ ಹೇಳುತ್ತಾ ಹೋದರು, ಅಪ್ಪ ದಡದ ಮೇಲೆ ಕುಕ್ಕರುಗಾಲಲ್ಲಿ ಕೂತು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು ಮಹಜರು ಬರೆದರು. ದಡದಲ್ಲಿ ಹುಡುಗನ ಹವಾಯಿ ಚಪ್ಪಲಿ ಇತ್ತು. ಅಪ್ಪ "ದಡದ ಮೇಲೆ ಜೋಡಿಸಿಟ್ಟ ಒಂದು ಜೊತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ" ಎಂದು ಬರೆದಿದ್ದರು. ಎಸ್‌ಐ ಓದಿ, ಬೈಯಲಿಲ್ಲ, "ಜೋಡಿಸಿಟ್ಟ ಅನ್ನೋದು ಯಾಕೆ? ಚಪ್ಪಲಿ ಇತ್ತು, ಚಪ್ಪಲಿ ಅಂತ ಬರಿ" ಎಂದರು. ಹಾಳೆ ಬದಲಾಯಿತು. ಹೊಸ ಹಾಳೆಯಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ಉಳಿಯಿತು. ಕಾರಣದ ಜಾಗದಲ್ಲಿ, ಕೈಕಾಲು ತೊಳೆಯಲು ಇಳಿದಾಗ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು.

"ಜಾರಿರಬಹುದು ಕಣೋ" ಎಂದರು ಅಪ್ಪ. "ಜಾರಿಲ್ಲ ಅಂತ ನಾನು ಹೇಳ್ತಿಲ್ಲ. ಈಜೋಕೆ ಇಳಿದಿರಬಹುದು. ಬೇಕು ಅಂತಲೇ ಇಳಿದಿರಬಹುದು. ಚಪ್ಪಲಿ ಬೇರೆ ಯಾರಾದ್ರೂ ಜೋಡಿಸಿರಬಹುದು. ನನಗೇನು ಗೊತ್ತು? ಆದರೆ ಆ ಮಾತು ಅಲ್ಲಿ ಇದ್ದಿದ್ದರೆ ಮೇಲೆ ಓದಿದೋರು ಯಾರಾದ್ರೂ ಒಬ್ಬರು ಕೇಳೋರು."

ನಾನು ಏನೂ ಹೇಳಲಿಲ್ಲ. ಅವರು ಪ್ಲೇ ಒತ್ತಿದರು.

ಹೂಕುಂಡದ ಹಿಂದೆ

ಕೊಲೆಗಾರರು ಯಾರು ಎಂದು ಏಂಜಲ್ ತಲೆ ಕೆಡಿಸಿಕೊಳ್ಳುತ್ತಾನೆ. ಜಮೀನು, ಬೈಪಾಸ್ ರಸ್ತೆ, ಕೋಟಿಗಟ್ಟಲೆ ದುಡ್ಡು, ಎಲ್ಲವನ್ನೂ ಸೇರಿಸಿ ಬಹಳ ಅಚ್ಚುಕಟ್ಟಾದ ಒಂದು ಪಿತೂರಿ ಹೆಣೆಯುತ್ತಾನೆ. ನಾವೂ ಅದನ್ನೇ ನಂಬುತ್ತೇವೆ, ಯಾಕೆಂದರೆ ಸಿನಿಮಾಗಳಲ್ಲಿ ಕೊಲೆ ಆಗುವುದು ಅಂಥದ್ದಕ್ಕೇ. ಕೊನೆಗೆ ಹಳೇ ಕೋಟೆಯಲ್ಲಿ ಕರಿ ಮುಸುಕು ಹಾಕಿ ಕೂತವರನ್ನು ಹಿಡಿದರೆ ಅವರು ಊರಿನ ಹಿರಿಯರು. ನೆರೆಹೊರೆ ಕಾವಲು ಸಮಿತಿಯವರು. ಡಾಕ್ಟರು, ಪಾದ್ರಿ, ಹೋಟೆಲಿನ ಯಜಮಾನಿ, ಸೂಪರ್ ಮಾರ್ಕೆಟ್ಟಿನ ಮಾಲೀಕ, ಇನ್‌ಸ್ಪೆಕ್ಟರ್ ಫ್ರ್ಯಾಂಕ್. ದುಡ್ಡು ಇಲ್ಲ, ಜಮೀನೂ ಇಲ್ಲ. ವರ್ಷದ ಅತ್ಯುತ್ತಮ ಹಳ್ಳಿ ಎಂಬ ಪ್ರಶಸ್ತಿ ಕೈ ತಪ್ಪಬಾರದು, ಅಷ್ಟೇ. ಆ ನಟ ಕೆಟ್ಟದಾಗಿ ನಟಿಸುತ್ತಿದ್ದ. ಅವನ ಜೊತೆಯ ನಟಿಯ ನಗು ಕಿರಿಕಿರಿ. ಶ್ರೀಮಂತನ ಮನೆ ನೋಡಲು ಅಸಹ್ಯ. ಪತ್ರಕರ್ತ ಪೇಪರಿನಲ್ಲಿ ಕಾಗುಣಿತ ತಪ್ಪು ಮಾಡುತ್ತಿದ್ದ. ಹೂವಿನವಳು ಊರು ಬಿಟ್ಟು ಹೋಗುವವಳಿದ್ದಳು, ತನ್ನ ಕೈಗುಣವನ್ನು ಬೇರೆ ಊರಿನ ಪಾಲು ಮಾಡುವವಳಿದ್ದಳು. ಏಂಜಲ್ ಒಂದೊಂದೇ ಕೇಳುತ್ತಾನೆ, ಅವರು ಒಂದೊಂದಕ್ಕೂ ಸಣ್ಣ ಸಣ್ಣ ಕಾರಣ ಹೇಳುತ್ತಾರೆ. ನಡುನಡುವೆ ಯಾರಾದರೂ ಇದೆಲ್ಲ ಹೆಚ್ಚಿನ ಒಳಿತಿಗಾಗಿ ಎಂದರೆ ಎಲ್ಲರೂ ಒಟ್ಟಿಗೆ, ಭಜನೆಯಲ್ಲಿ ಪಲ್ಲವಿ ಹಿಡಿದಂತೆ, ಅದನ್ನೇ ಹೇಳುತ್ತಾರೆ. ಮೊದಲ ಸಲ ನೋಡಿದಾಗ ನಾನು ಕುರ್ಚಿಯಿಂದ ಬಿದ್ದು ನಕ್ಕಿದ್ದು ಇಲ್ಲೇ. ಕಾಗುಣಿತ ತಪ್ಪಿದ್ದಕ್ಕೆ ಕೊಲೆ!

ಈ ಮುಸುಕಿನವರಲ್ಲಿ ಒಬ್ಬ ಎಡ್ವರ್ಡ್ ವುಡ್‌ವರ್ಡ್. 1973ರ 'ದಿ ವಿಕರ್ ಮ್ಯಾನ್' ಸಿನಿಮಾದಲ್ಲಿ ಈತ ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನ ದ್ವೀಪವೊಂದಕ್ಕೆ ಹೋಗುವ ಸಾರ್ಜೆಂಟ್. ಅಲ್ಲಿ ಊರಿನವರೆಲ್ಲ ಹಾಡು ಹೇಳುತ್ತಾ ಅವನನ್ನು ಬೆತ್ತದ ಬೊಂಬೆಯೊಳಗಿಟ್ಟು ಸುಡುತ್ತಾರೆ. ಮೂವತ್ತನಾಲ್ಕು ವರ್ಷ ಕಳೆದ ಮೇಲೆ ಅದೇ ಮನುಷ್ಯನನ್ನು ಕರೆತಂದು ಸುಡುವವರ ಕಡೆ ಕೂರಿಸಿದ್ದಾರೆ. ಕಾವಲು ಸಮಿತಿಯ ಕ್ಯಾಮೆರಾಗಳ ಮುಂದೆ ಕೂತು, ಬೀದಿಯಲ್ಲಿ ಯಾರು ನಿಂತರು, ಯಾರು ಕೂತರು ಎಂದು ನೋಡುವುದು ಅವನ ಕೆಲಸ. ಹಾಗೇ ಸೂಪರ್ ಮಾರ್ಕೆಟ್ಟಿನ ಮಾಲೀಕನಾಗಿ ಹಲ್ಲು ಕಿಸಿಯುವ ಟಿಮೊಥಿ ಡಾಲ್ಟನ್ 1987 ಮತ್ತು 1989ರ ಜೇಮ್ಸ್ ಬಾಂಡ್. ದೇಶ ಕಾಯುತ್ತಿದ್ದವನು ಇಲ್ಲಿ ಹೂಕುಂಡ ಕಾಯುತ್ತಾನೆ.

ಚಿತ್ರೀಕರಣ ಆಗಿದ್ದು ಸೋಮರ್ಸೆಟ್ಟಿನ ವೆಲ್ಸ್ ಎಂಬ ಊರಿನಲ್ಲಿ. ಎಡ್ಗರ್ ರೈಟ್ ಬೆಳೆದ ಊರು ಅದು. ವೆಲ್ಸಿನ ಹೆಗ್ಗುರುತೇ ಅಲ್ಲಿನ ಕೆಥೀಡ್ರಲ್. ಅಷ್ಟು ದೊಡ್ಡ ಚರ್ಚು ಕಂಡರೆ ಊರು ಹಳ್ಳಿಯಂತೆ ಕಾಣುವುದಿಲ್ಲ ಎಂದು ಕಂಪ್ಯೂಟರಿನಲ್ಲಿ ಅದನ್ನು ಅಳಿಸಿಬಿಟ್ಟಿದ್ದಾರೆ. ಇದು ಗೊತ್ತಾದ ದಿನ ನಾನು ಸಿನಿಮಾ ನಿಲ್ಲಿಸಿ ನಿಲ್ಲಿಸಿ ಆಕಾಶವನ್ನೇ ನೋಡಿದೆ. ಅಲ್ಲಿ ಏನೋ ಇತ್ತು ಎಂಬ ಗುರುತೂ ಇಲ್ಲ, ಖಾಲಿ ನೀಲಿ. ಊರು ಚೆಂದ ಕಾಣಲಿ ಎಂದು ಬೇಡದ್ದನ್ನು ಅಳಿಸುವವರ ಮೇಲೆ ಸಿನಿಮಾ ಮಾಡಲು ಹೋಗಿ ಇವರೂ ಊರಿನ ಅತಿ ದೊಡ್ಡ ಕಟ್ಟಡವನ್ನೇ ಅಳಿಸಿದ್ದಾರಲ್ಲ! ಸ್ಯಾಂಡ್‌ಫರ್ಡ್ ಎಂಬ ಹೆಸರಿಗೂ ಒಂದು ಕಥೆ ಇದೆ. ಬ್ರಿಟನ್ನಿನ ಪೊಲೀಸ್ ತರಬೇತಿಯಲ್ಲಿ ಉದಾಹರಣೆಗೆ ಬೇಕಾದ ಸುಳ್ಳು ಊರಿಗೆ ಇಡುವ ಹೆಸರು ಅದು. ಅಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮ ಹಳೇ ಐಪಿಸಿ ಪುಸ್ತಕದಲ್ಲಿ ಎ ಅನ್ನೋನು ಜಡ್ ಅನ್ನೋನಿಗೆ ಹೊಡೀತಾನೆ. ಅವರಿಬ್ಬರಿಗೂ ಊರೇ ಇಲ್ಲ, ಪಾಪ" ಎಂದರು.

ಹಂಸ

ಕೊನೆಯ ಅರ್ಧ ಗಂಟೆ ಗುಂಡಿನ ಮಳೆ. ಸೈಕಲ್ ಮೇಲೆ ಬಂದ ಮುದುಕಿ ಪಿಸ್ತೂಲು ತೆಗೆಯುತ್ತಾಳೆ, ಪಾದ್ರಿ ತೋಳಿನೊಳಗಿಂದ ತೆಗೆಯುತ್ತಾನೆ. ಡ್ಯಾನಿ ಕೊನೆಗೂ ಗಾಳಿಯಲ್ಲಿ ಹಾರಿ ಗುಂಡು ಹೊಡೆಯುತ್ತಾನೆ. ನನಗೆ ಇದು ಸ್ವಲ್ಪ ಉದ್ದವಾಯಿತು ಎನ್ನಿಸುತ್ತದೆ, ಪ್ರತಿ ಸಲವೂ. ಅಪ್ಪ ಇಲ್ಲಿ ಎದ್ದು ಹೋಗಿ ಬಾಗಿಲ ಬಳಿ ಸೋರುತ್ತಿದ್ದ ಜಾಗಕ್ಕೆ ಬಕೆಟ್ ಇಟ್ಟು ಬಂದರು. ವಾಪಸ್ ಬಂದು ಕೂತಾಗ ಎಲ್ಲ ಮುಗಿದಿತ್ತು. ಹೆಲಿಕಾಪ್ಟರಿನಲ್ಲಿ ಲಂಡನ್ ಸಾಹೇಬರು ಬಂದು, ವಾಪಸ್ ಬಾ ಎಂದು ಏಂಜಲ್‌ನನ್ನು ಕರೆಯುತ್ತಿದ್ದರು. ಅವನು ಬರುವುದಿಲ್ಲ ಎನ್ನುತ್ತಾನೆ. ಇಲ್ಲಿ ಬರೆಯುವ ಕೆಲಸ ರಾಶಿ ಬಿದ್ದಿದೆ ಎನ್ನುತ್ತಾನೆ. ಮುಂದಿನ ದೃಶ್ಯದಲ್ಲಿ ಇಡೀ ಠಾಣೆ ಮೈಕೈಗೆ ಬ್ಯಾಂಡೇಜು ಕಟ್ಟಿಕೊಂಡು ಕೂತು ಫಾರಂ ತುಂಬುತ್ತಿದೆ. ಪೆನ್ನು ಟಕ್. ಹಾಳೆ ಚರ್.

"ಈಗ ಸರಿ" ಎಂದರು ಅಪ್ಪ.

ಆಮೇಲೆ ಮುದುಕನ ಕೊಟ್ಟಿಗೆಯ ಆ ಸಮುದ್ರದ ಸ್ಫೋಟಕ ಸಿಡಿಯಬೇಕಿತ್ತು, ಸಿಡಿಯಿತು. ಹೆಸರುಗಳು ಬರತೊಡಗಿದವು. ನಾನು ಟಿವಿ ಆರಿಸಲು ಎದ್ದೆ.

"ಆ ಬಾತುಕೋಳಿ ಏನಾಯ್ತೋ?"

ಬಾತುಕೋಳಿ ಅಲ್ಲ, ಹಂಸ. ಏಂಜಲ್‌ಗೆ ಹಳ್ಳಿಯಲ್ಲಿ ಮೊದಲು ಬರುವ ದೂರುಗಳಲ್ಲಿ ಒಂದು, ಒಬ್ಬನ ಹಂಸ ತಪ್ಪಿಸಿಕೊಂಡಿದೆ ಎಂಬುದು. ಸಿನಿಮಾ ಪೂರ್ತಿ ಅದು ಅಲ್ಲಲ್ಲಿ ಅಡ್ಡ ಬರುತ್ತಿರುತ್ತದೆ. (ವೆಲ್ಸಿನಲ್ಲಿ ಬಿಷಪ್ಪನ ಅರಮನೆಯ ಸುತ್ತಲಿನ ಕಂದಕದಲ್ಲಿ ನಿಜವಾದ ಹಂಸಗಳಿವೆ. ಹಸಿವಾದಾಗ ಹಗ್ಗ ಎಳೆದು ಗಂಟೆ ಬಾರಿಸಿ ತಿಂಡಿ ಕೇಳುವ ಹಂಸಗಳು. ಅವುಗಳನ್ನು ನೋಡುತ್ತಾ ಬೆಳೆದ ಹುಡುಗ ಸಿನಿಮಾದಲ್ಲಿ ಹಂಸ ಬಿಡದೇ ಇರುತ್ತಾನಾ?) ಕೊನೆಯಲ್ಲಿ ಫ್ರ್ಯಾಂಕ್ ಕಾರಿನಲ್ಲಿ ತಪ್ಪಿಸಿಕೊಂಡು ಓಡುವಾಗ ಹಿಂದಿನ ಸೀಟಿನಲ್ಲಿದ್ದ ಹಂಸ ಮೇಲೆರಗಿ, ಕಾರು ಮರಕ್ಕೆ ಗುದ್ದುತ್ತದೆ. ಅಪ್ಪ ಬಕೆಟ್ ಇಡಲು ಹೋದಾಗ ಬಂದ ದೃಶ್ಯ ಅದು. ಹಿಂದಕ್ಕೆ ಹಾಕಿ ತೋರಿಸಿದೆ.

ಅಪ್ಪ ಗಮನವಿಟ್ಟು ನೋಡಿದರು. "ಮಹಜರು ಮಾಡಿದರಾ?"

"ಯಾವುದಕ್ಕೆ?"

"ಹಂಸಕ್ಕೆ. ಫಿರ್ಯಾದಿ ಇದ್ದಾನಲ್ಲ. ಸಿಕ್ಕಿದ ಮೇಲೆ ಬರೀಬೇಕು."

ಗೊತ್ತಿಲ್ಲಪ್ಪ, ಸಿನಿಮಾದಲ್ಲಿ ತೋರಿಸಲಿಲ್ಲ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ತೊಡೆಯ ಮೇಲೆ ಬೆರಳು ಆಡಿಸುತ್ತಾ, ನನಗೆ ಚಿಕ್ಕಂದಿನಿಂದ ಗೊತ್ತಿರುವ ಆ ಠಾಣೆಯ ರಾಗದಲ್ಲಿ ಶುರು ಮಾಡಿದರು. "ಸದರಿ ಸ್ಥಳದಲ್ಲಿ ಮರಕ್ಕೆ ಡಿಕ್ಕಿಯಾಗಿ ನಿಂತಿದ್ದ ಕಾರಿನ ಒಳಗಡೆ, ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಬಿಳಿ ಬಣ್ಣದ ಒಂದು ಹಂಸ..." ನಿಲ್ಲಿಸಿದರು. "ಇನ್ನೊಂದು ಸಲ ಹಾಕು. ಅದು ಕೂತಿತ್ತಾ, ನಿಂತಿತ್ತಾ?"